ಅಂಬಾಸಿಡರ್ ಬಾಗಿಲು ಜೋತು ಬಿದ್ದಿದೆ, ಹೊಸ ಹಿಂಜ್ ಹಾಕಿಸಿದರೆ ಸಾಕಾ?

ಪ್ರಶ್ನೆ: ಅಪ್ಪನ ಕಾಲದ ಅಂಬಾಸಿಡರ್ ರೆಡಿ ಮಾಡಿಸುತ್ತಿದ್ದೇನೆ. ಟಿಂಕರಿಂಗ್ ಮುಗಿದಿದೆ, ಪೇಂಟ್ ಇನ್ನೂ ಆಗಿಲ್ಲ. ಡ್ರೈವರ್ ಬಾಗಿಲು ಹಾಕಬೇಕಾದರೆ ಹಿಂದಿನ ತುದಿ ಹಿಡಿದು ಎತ್ತಿ ತಳ್ಳಬೇಕು. ಹೊಸ ಹಿಂಜ್ ಹಾಕಿಸಿದರೆ ಸರಿಹೋಗುತ್ತಾ?

ಪೇಂಟ್ ಆಗಿಲ್ಲ ಅಂದಿರಲ್ಲ, ಅರ್ಧ ಬಚಾವಾದಿರಿ. ಹಿಂಜ್ ತರೋಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಓಡುವ ಮೊದಲು ಎರಡು ನಿಮಿಷದ ಪರೀಕ್ಷೆ ಮಾಡಿ. ಬಾಗಿಲನ್ನು ಒಂದಡಿ ತೆರೆದು, ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇನ್ನೊಬ್ಬರು ಹಿಂಜ್ ಪಕ್ಕ ಕೂತು ನೋಡುತ್ತಿರಲಿ. ಬೇಕಿದ್ದರೆ ಹಿಂಜ್ ಮೇಲೆ ಬೆರಳಿಡಲಿ, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ.

ಹಿಂಜ್‌ನ ಪಿನ್ ಹತ್ತಿರ ಟಕ್ ಟಕ್ ಅಂತ ಆಟ ಇದ್ದರೆ ಪಿನ್ ಸವೆದಿದೆ. ಇದು ಸುಲಭದ ಕೇಸು. ಸಣ್ಣ ಸವೆತವೂ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಎರಡು ಹಿಂಜ್ ಮಧ್ಯೆ 35 ಸೆಂ.ಮೀ. ಅಂತರ, ಬಾಗಿಲಿನ ಉದ್ದ 95 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಮೇಲಿನ ಹಿಂಜ್‌ನಲ್ಲಿ 1 ಮಿ.ಮೀ. ಆಟ ಇದ್ದರೆ ಹಿಂದಿನ ತುದಿ ಸುಮಾರು 2.7 ಮಿ.ಮೀ. ಇಳಿಯುತ್ತದೆ. ಲಾಕ್ ಕೊಕ್ಕೆಗೆ ಸಿಗದೆ ತಪ್ಪಿಸಿಕೊಳ್ಳೋಕೆ ಅಷ್ಟು ಸಾಕು. ಹೊಸ ಪಿನ್ ಹಾಕಿಸಿ, ಇಲ್ಲವಾದರೆ ತೂತು ಸ್ವಲ್ಪ ದೊಡ್ಡದು ಮಾಡಿಸಿ ದಪ್ಪ ಪಿನ್ ಹಾಕಿಸಿ. ಲೇತ್ ಇರುವ ಯಾರಾದರೂ ಮಾಡಿಕೊಡುತ್ತಾರೆ.

ಪಿನ್ ಗಟ್ಟಿಯಾಗಿದ್ದು, ಹಿಂಜ್ ಕೂತಿರುವ ಕಂಬದ ತಗಡೇ ಉಸಿರಾಡಿದ ಹಾಗೆ ಅಲ್ಲಾಡುತ್ತಿದ್ದರೆ ಒಳಗೆ ತುಕ್ಕು ಹಿಡಿದಿದೆ ಅಥವಾ ಬಿರುಕು ಬಿಟ್ಟಿದೆ. ಹೊಸ ಹಿಂಜ್ ಹಾಕಿದರೂ ಅಷ್ಟೇ, ಮೊದಲು ಕಂಬದ ವೆಲ್ಡಿಂಗ್ ಕೆಲಸ ಆಗಬೇಕು.

ಮೂರನೆಯದೇ ತಲೆನೋವಿನದು. ಯಾವುದೂ ಅಲ್ಲಾಡುತ್ತಿಲ್ಲ, ಆದರೂ ಬಾಗಿಲು ಕೂರುತ್ತಿಲ್ಲ. ಹಾಗಿದ್ದರೆ ಬಾಗಿಲನ್ನು ಬಿಟ್ಟು ಬಾಗಿಲವಾಡ ನೋಡಿ. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಇಂಗ್ಲೆಂಡಿನ ಕಾರು ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್‌ನಿಂದ ಬಂದ ಗಾಡಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಉದ್ದದ ಪೆಟ್ಟಿಗೆಯಂಥ ಸಿಲ್ ಇದೆಯಲ್ಲ, ಭಾರ ಹೊರುವುದರಲ್ಲಿ ಅದಕ್ಕೆ ದೊಡ್ಡ ಪಾಲು. ಅದು ತುಕ್ಕು ತಿಂದು ಟೊಳ್ಳಾದರೆ ಗಾಡಿ ನಡುವಲ್ಲಿ ಬಗ್ಗುತ್ತದೆ. ಆಗ ಬಾಗಿಲವಾಡದ ಮೇಲ್ಭಾಗ ಕಿರಿದಾಗುತ್ತದೆ, ಕೆಳಭಾಗ ಅಗಲವಾಗುತ್ತದೆ. ಟೇಪ್ ತಗೊಂಡು ಬಾಗಿಲವಾಡವನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ, ಎಡ ಬಲ ಎರಡೂ ಕಡೆ ಒಂದೇ ಜಾಗಗಳಲ್ಲಿ. ಐದಾರು ಮಿ.ಮೀ. ವ್ಯತ್ಯಾಸ ಬಂದರೆ ಹಿಂಜ್ ವಿಷಯ ಮರೆತುಬಿಡಿ.

ನನ್ನ ಗಾಡಿಗೆ ಆಗಿದ್ದೂ ಇದೇ. ಗ್ಯಾರೇಜಿನವರು ನಾಲ್ಕೂ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಏರಿಸಿ, ಹಳೇ ಸಿಲ್ ಕತ್ತರಿಸಿ ಹೊಸದು ವೆಲ್ಡ್ ಮಾಡಿದರು. ಕೆಲಸ ಅಚ್ಚುಕಟ್ಟು, ಲಂಬಿ (ಪೇಂಟಿಗೆ ಮೊದಲು ತಗ್ಗು ಮುಚ್ಚುವ ಪುಟ್ಟಿ) ಉಜ್ಜಿದ್ದೂ ಚೆನ್ನಾಗಿತ್ತು, ಪೇಂಟಂತೂ ಕನ್ನಡಿ. ಬಾಗಿಲು ವಾಪಸ್ ಹಾಕುವಾಗ ನೋಡಿದರೆ ಯಾವುದೂ ಕೂರುತ್ತಿಲ್ಲ! ಗಾಡಿ ಸ್ಟ್ಯಾಂಡ್ ಮೇಲೆ ಹೇಗೆ ಬಗ್ಗಿತ್ತೋ ಹಾಗೇ ವೆಲ್ಡ್ ಆಗಿ ಕೂತಿತ್ತು. ಸಿಲ್ ಕತ್ತರಿಸುವ ಮೊದಲು ಬಾಗಿಲವಾಡದ ಅಡ್ಡಕ್ಕೆ ಆ್ಯಂಗಲ್ ಪಟ್ಟಿ ವೆಲ್ಡ್ ಮಾಡಬೇಕಿತ್ತು, ಮಧ್ಯೆ ಮಧ್ಯೆ ಬಾಗಿಲು ಕೂರಿಸಿ ನೋಡಬೇಕಿತ್ತು. ಎರಡೂ ಮಾಡಿರಲಿಲ್ಲ. ಬಿಚ್ಚಿ ಮತ್ತೆ ಮಾಡಿದ್ದಕ್ಕೆ ಪೇಂಟ್ ದುಡ್ಡು ಎರಡು ಸಲ ಹೋಯಿತು.

ನಿಮ್ಮ ಬಾಗಿಲವಾಡ ಸರಿಯಿದೆ ಅಂತಾದರೆ ಹೊಂದಿಸುವ ಕೆಲಸ ಶುರುಮಾಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಲಿ, ಎಂಜಿನ್ ಒಳಗೇ ಇರಲಿ. ಬಾಗಿಲಿಗೆ ಗ್ಲಾಸು, ಗ್ಲಾಸ್ ಏರಿಸುವ ಮೆಷಿನ್ ಎಲ್ಲ ಹಾಕಿರಬೇಕು, ಖಾಲಿ ಬಾಗಿಲು ಚೆನ್ನಾಗಿ ಕೂತು ಗ್ಲಾಸ್ ಹಾಕಿದ ಮೇಲೆ ಇಳಿದರೆ ಏನು ಪ್ರಯೋಜನ? ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಬಿಚ್ಚಿಡಿ. ಬಾಗಿಲ ಹಿಂದಿನ ತುದಿ ಕೂರುವ ಕಂಬದ ಮೇಲಿನ ಲಾಕ್ ಕೊಕ್ಕೆಯನ್ನೂ ಬಿಚ್ಚಿಡಿ, ಅದಿದ್ದರೆ ಬಾಗಿಲನ್ನು ಅದೇ ಎಳೆದು ಕೂರಿಸಿ ಸುಳ್ಳು ಹೇಳುತ್ತದೆ.

ಹಿಂದಿನ ಬಾಗಿಲಿನಿಂದ ಶುರುಮಾಡಿ. ಅದರ ಹಿಂದಿನ ಬಾಡಿ ಕದಲಿಸೋಕೆ ಆಗಲ್ಲ, ಹಾಗಾಗಿ ಅದೇ ಆಧಾರ. ಅದಕ್ಕೆ ಮುಂದಿನ ಬಾಗಿಲು ಹೊಂದಿಸಿ, ಕೊನೆಗೆ ಮುಂದಿನ ಮಡ್‌ಗಾರ್ಡ್. ಮಡ್‌ಗಾರ್ಡ್ ಬೋಲ್ಟಿನ ಮೇಲೆ ನಿಂತಿರುವುದರಿಂದ ಅದನ್ನು ಸ್ವಲ್ಪ ಅತ್ತಿತ್ತ ಮಾಡಬಹುದು. ಸುಮಾರು ಜನ ಡ್ರೈವರ್ ಬಾಗಿಲಿನಿಂದ ಶುರು ಮಾಡಿ, ಹಿಂದೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಿಂಜ್ ಸಡಿಲಿಸುವ ಮೊದಲು ಅದರ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಸ್ಕ್ರೂ ಬರದಿದ್ದರೆ ತಲೆ ತಿರುಚಬೇಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಡಿ. ಒಂದು ಸಲಕ್ಕೆ ಒಂದೇ ಹಿಂಜ್. ಹಿಂಜ್ ಕಂಬದ ಹಿಂಬದಿಯ ಮುಖಕ್ಕೆ ಕೂತಿದ್ದರೆ ಕೆಳಗಿನ ಹಿಂಜ್ ಹಿಂದೆ ತೆಳು ತಗಡು ಕೊಟ್ಟರೆ ಬಾಗಿಲಿನ ಕೆಳಭಾಗ ಹಿಂದಕ್ಕೆ ಸರಿಯುತ್ತದೆ, ಹಿಂದಿನ ತುದಿ ತಾನಾಗಿ ಮೇಲೇರುತ್ತದೆ. ಲೆಕ್ಕ ಆಗಲೇ ಹೇಳಿದ್ದೇ, ಈಗ ಉಲ್ಟಾ: 1 ಮಿ.ಮೀ. ತಗಡಿಗೆ ತುದಿ 2.7 ಮಿ.ಮೀ. ಏರುತ್ತದೆ. ಕೂಲ್‌ಡ್ರಿಂಕ್ ಕ್ಯಾನಿನ ತಗಡು ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಕತ್ತರಿಯಲ್ಲಿ ಕತ್ತರಿಸಿ ಒಂದೊಂದೇ ಪದರ ಸೇರಿಸಿ ನೋಡಬಹುದು.

ಹಳೇ ಟಿಂಕರ್‌ಗಳು ಬಾಗಿಲ ತುದಿಗೆ ಮರದ ತುಂಡಿಟ್ಟು ಜಾಕಿಯಲ್ಲಿ ಎತ್ತಿ ಹಿಂಜನ್ನೇ ಬಗ್ಗಿಸುತ್ತಾರೆ. ಹಿಂಜನ್ನು ಬೆಸುಗೆ ಹಾಕಿಬಿಟ್ಟ ಗಾಡಿಗಳಲ್ಲಿ ಬೇರೆ ದಾರಿಯೂ ಇಲ್ಲ. ಕೈ ಪಳಗಿದವರು ಮಾಡಿದರೆ ತಪ್ಪಿಲ್ಲ. ಪಿನ್ ಸವೆದಿರುವಾಗ ಮಾತ್ರ ಹಾಗೆ ಮಾಡಿಸಬೇಡಿ, ಒಂದು ತಿಂಗಳಲ್ಲಿ ಮತ್ತೆ ಜೋಲುತ್ತದೆ.

ಸಂದು ಎಷ್ಟಿರಬೇಕು? ನಾನು 4 ರಿಂದ 5 ಮಿ.ಮೀ.ಗೆ ತೃಪ್ತಿಪಡುತ್ತೇನೆ. ಎರಡು ಐಸ್‌ಕ್ರೀಮ್ ಕಡ್ಡಿ ಸೇರಿಸಿ ಟೇಪ್ ಸುತ್ತಿದರೆ ಅದೇ ಗೇಜು, ಬಾಗಿಲ ಸುತ್ತ ಆಡಿಸಿಕೊಂಡು ಹೋಗಿ. ಇವತ್ತಿನ ಕಾರಿನ ಹಾಗೆ ಗೆರೆ ಕೊರೆದಂತೆ ಬರಬೇಕು ಅಂತ ಹಟ ಬೇಡ, ಅಂಬಾಸಿಡರ್ ಷೋರೂಮಿನಿಂದ ಬಂದಾಗಲೇ ಹಾಗಿರಲಿಲ್ಲ. ಇನ್ನೊಂದು ಮಾತು, ಹಳೇ ಬಾಗಿಲು ಉಳಿಯುವಂತಿದ್ದರೆ ತುಕ್ಕು ಕಿತ್ತು ತೇಪೆ ಹಾಕಿಸಿಯಾದರೂ ಅದನ್ನೇ ಇಟ್ಟುಕೊಳ್ಳಿ. ಶಿವಾಜಿನಗರದ ಗುಜರಿಯಲ್ಲಿ ಸಿಗುವ ಬಾಗಿಲು ಬೇರೆ ಯಾವುದೋ ಬಾಡಿಯ ಜೊತೆ ಬೆಳೆದದ್ದು.

ಇನ್ನು ರಬ್ಬರ್. ಬೀಡಿಂಗ್ ಇಲ್ಲದೆ ಚೆಂದ ಕೂತ ಬಾಗಿಲು, ಬೀಡಿಂಗ್ ಹಾಕಿದ ಮೇಲೆ ಬೆರಳು ದಪ್ಪ ಹೊರಗೆ ನಿಂತರೆ ದೋಷ ಹಿಂಜ್‌ನದಲ್ಲ. ಈಗ ಸಿಗುವ ಎಷ್ಟೋ ಬೀಡಿಂಗ್ ಹಳೆಯದಕ್ಕಿಂತ ದಪ್ಪ, ಗಟ್ಟಿ. ತರುವ ಮೊದಲು ಅಡುಗೆಮನೆಯಿಂದ ಸ್ವಲ್ಪ ಚಪಾತಿ ಹಿಟ್ಟು ಕೇಳಿ ತಗೊಳ್ಳಿ. ನಾಲ್ಕೈದು ಸಣ್ಣ ಉಂಡೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀಡಿಂಗ್ ಕೂರುವ ಅಂಚಿಗೆ ಅಲ್ಲಲ್ಲಿ ಅಂಟಿಸಿ ಬಾಗಿಲನ್ನು ಪೂರ್ತಿ ಒತ್ತಿ ಹಿಡಿಯಿರಿ. ತೆರೆದು ನೋಡಿದರೆ ಅಪ್ಪಚ್ಚಿಯಾದ ಹಿಟ್ಟಿನ ದಪ್ಪವೇ ನಿಮ್ಮ ಜಾಗ. ಬೀಡಿಂಗ್ ಅದಕ್ಕಿಂತ ಸ್ವಲ್ಪ ದಪ್ಪ ಇರಲಿ, ಎರಡರಷ್ಟು ಬೇಡ. ಮನೆಯಲ್ಲಿ ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ.

ಕೊಕ್ಕೆ ಎಲ್ಲಕ್ಕಿಂತ ಕೊನೆಗೆ. ಅದು ಬಾಗಿಲನ್ನು ಒಳಕ್ಕೆ ಹಿಡಿಯಬೇಕು, ಮೇಲಕ್ಕೆ ಎತ್ತಬಾರದು. ನಿಮ್ಮ ಹಳೇ ಕೊಕ್ಕೆಯ ಒಂದೇ ಕಡೆ ಉಜ್ಜಿ ಉಜ್ಜಿ ಹೊಳೆಯುತ್ತಿದ್ದರೆ ಇಷ್ಟು ವರ್ಷ ಜೋತ ಬಾಗಿಲನ್ನು ಅದೇ ಎತ್ತುತ್ತಿತ್ತು ಅಂತ ಅರ್ಥ. ಸ್ಕ್ರೂ ಅರ್ಧ ಬಿಗಿ ಮಾಡಿ, ಬಾಗಿಲನ್ನು ಮೆಲ್ಲಗೆ ಹಾಕಿ, ಒಂದು ಸಲ ಸಣ್ಣ ಕ್ಲಿಕ್, ಆಮೇಲೆ ಪೂರ್ತಿ ಕ್ಲಿಕ್ ಆಗುವವರೆಗೆ ಕೊಕ್ಕೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಹೊಸ ರಬ್ಬರ್ ಇರುವಾಗ ಮೊದಲ ಎರಡು ವಾರ ಬಾಗಿಲು ಸ್ವಲ್ಪ ಬಿಗಿಯಾಗೇ ಇರುತ್ತದೆ. ಆಗ ಸುಮ್ನೆ ಕೊಕ್ಕೆ ಸಡಿಲಿಸೋಕೆ ಹೋಗಬೇಡಿ, ರಬ್ಬರ್ ಕೂತ ಮೇಲೆ ಗುಂಡಿ ರಸ್ತೆಯಲ್ಲಿ ಲೊಡಲೊಡ ಅನ್ನುತ್ತದೆ.