ಸಿಸ್ಟರ್‌ಗೆ ಗೊತ್ತು, ಬಾಟಲಿ ಎಲ್ಲಿದೆ?

ದಾವಣಗೆರೆಯಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಎಂ.ಎಸ್ಸಿ. ನರ್ಸಿಂಗ್ ಓದುವವರು ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಇಂಥ ಪ್ರಬಂಧಗಳಲ್ಲಿ ತುಂಬಾ ಚಾಲ್ತಿಯಲ್ಲಿರುವ ಧಾಟಿ ಒಂದಿದೆ. ಸ್ಟಾಫ್ ನರ್ಸ್‌ಗಳಿಗೆ ಒಂದು ಪ್ರಶ್ನೆಪತ್ರಿಕೆ ಕೊಡುವುದು, ಪಾಠ ಮಾಡುವುದು, ಕೆಲವು ದಿನ ಬಿಟ್ಟು ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಡುವುದು. ಅಂಕ ಏರಿರುತ್ತದೆ. ಏರದೆ ಏನು, ಪಾಠ ಮಾಡಿದ್ದೇ ಅದನ್ನಲ್ವಾ? ತಿಳಿವಳಿಕೆ ಹೆಚ್ಚಿದೆ ಎಂದು ಬರೆದು, ಬೈಂಡ್ ಮಾಡಿಸಿ ಕೊಟ್ಟರೆ ಮುಗಿಯಿತು. ವಾರ್ಡಿನಲ್ಲಿ ಏನಾದರೂ ಬದಲಾಯಿತಾ ಅಂತ ಹೋಗಿ ನೋಡುವುದು ಕಡಿಮೆ.

ಆಪರೇಷನ್‌ಗೆ ಮುಂಚಿನ ಉಪವಾಸವನ್ನೇ ತಗೊಳ್ಳಿ. "ರಾತ್ರಿ ಹತ್ತರ ಮೇಲೆ ಏನೂ ಕೊಡಬೇಡ್ರಿ, ನೀರೂ ಬೇಡ" ಎಂಬ ಮಾತನ್ನು ಆಸ್ಪತ್ರೆ ಕಂಡವರೆಲ್ಲ ಕೇಳಿರುತ್ತಾರೆ. ಇದಕ್ಕೆ ಕಾರಣವಿದೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆದರೆ ನೀರು ಅನ್ನದ ಹಾಗೆ ಹೊಟ್ಟೆಯಲ್ಲಿ ಕೂರುವುದಿಲ್ಲ, ಬೇಗ ಇಳಿದುಹೋಗುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಲೆಕ್ಕ ಕೊಟ್ಟಿತು: ಆರೋಗ್ಯವಾಗಿರುವವರಿಗೆ ಹಗುರ ಊಟವಾದರೆ 6 ಗಂಟೆ, ಬರೀ ನೀರಾದರೆ 2 ಗಂಟೆ ಬಿಡುವು ಸಾಕು. (ತುರ್ತು ಆಪರೇಷನ್, ಬಸುರಿಯರು, ಜಠರ ನಿಧಾನವಾಗಿ ಖಾಲಿಯಾಗುವ ತೊಂದರೆ ಇರುವವರು, ಇವರ ಲೆಕ್ಕ ಬೇರೆ. ಇದನ್ನು ಓದಿ ಯಾರೂ ಡಾಕ್ಟರ್ ಮಾತು ಮೀರಬೇಡಿ.)

ಈಗ ವಾರ್ಡಿಗೆ ಬನ್ನಿ. ಓಟಿ (ಆಪರೇಷನ್ ಥಿಯೇಟರ್) ಲಿಸ್ಟಿನಲ್ಲಿ ನಾಲ್ಕನೇ ಕೇಸು. ಕರೆ ಎಷ್ಟೊತ್ತಿಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ನಡುವೆ ಎಮರ್ಜೆನ್ಸಿ ಬಂದರೆ ಮಧ್ಯಾಹ್ನ ದಾಟುತ್ತದೆ. ಮೊದಲಿನ ಕೇಸು ರದ್ದಾದರೆ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಬರಬಹುದು. ಅರ್ಧ ಗಂಟೆ ಮುಂಚೆ ನೀರು ಕುಡಿಸಿದ್ದರೆ ಬೈಸಿಕೊಳ್ಳುವವರು ಯಾರು? ಡ್ಯೂಟಿಯಲ್ಲಿರುವ ಸಿಸ್ಟರ್. ಹಾಗಾಗಿ ಎಲ್ಲರಿಗೂ ರಾತ್ರಿ ಹತ್ತು ಗಂಟೆಯೇ ಗಡುವು. ಏಪ್ರಿಲ್ ಬಿಸಿಲಿನಲ್ಲಿ ಮುದುಕರೊಬ್ಬರು ಮಧ್ಯಾಹ್ನ ಒಂದರವರೆಗೆ ತುಟಿ ಒಣಗಿಸಿಕೊಂಡು ಮಲಗಿರುತ್ತಾರೆ. ಸಿಸ್ಟರ್‌ಗೆ ಪ್ರಶ್ನೆಪತ್ರಿಕೆ ಕೊಟ್ಟು ನೋಡಿ, 2 ಗಂಟೆಗೇ ಟಿಕ್ ಹಾಕುತ್ತಾರೆ. ಅವರಿಗೆ ಬೇಕಿರುವುದು 'ಇಷ್ಟು ಗಂಟೆವರೆಗೆ ನೀರು ಕೊಡಿ' ಎಂದು ಕೇಸ್ ಶೀಟಿನಲ್ಲಿ ಒಂದು ಸಾಲು, ಕೆಳಗೆ ಡಾಕ್ಟರ್ ಸಹಿ.

ಕೈ ತೊಳೆಯುವ ವಿಷಯವೂ ಹೀಗೇ. ಕೈ ತೊಳೆದರೆ ಸೋಂಕು ತಗ್ಗುತ್ತದೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯರು 1847ರಲ್ಲೇ ತೋರಿಸಿಕೊಟ್ಟಿದ್ದು ಯಾವ ನರ್ಸ್‌ಗೆ ಗೊತ್ತಿಲ್ಲ? ಸೋಪು ಹಾಕಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಂಕ್ ಇರುವುದು ವಾರ್ಡಿನ ಆ ಮೂಲೆಯಲ್ಲಿ. ಹೋಗಿ ಬರುವಷ್ಟರಲ್ಲಿ "ಸಿಸ್ಟರ್, ಬಾಟ್ಲಿ ಮುಗೀತು ನೋಡ್ರಿ" ಅಂತ ಇನ್ನೊಂದು ಹಾಸಿಗೆಯಿಂದ ಕೂಗು.

ಜಿನೀವಾದ ಆಸ್ಪತ್ರೆಯಲ್ಲಿ ದಿದಿಯೆ ಪಿಟೆ ಎಂಬ ವೈದ್ಯರ ತಂಡ ಆಲ್ಕೋಹಾಲ್ ಹ್ಯಾಂಡ್ ರಬ್ (ಸ್ಯಾನಿಟೈಜರ್) ಬಾಟಲಿಯನ್ನು ಹಾಸಿಗೆ ಪಕ್ಕಕ್ಕೇ ತಂದಿಟ್ಟಿತು. ಗೋಡೆಗೆಲ್ಲ ಪೋಸ್ಟರ್ ಅಂಟಿಸಿತು. ಆಡಳಿತದವರೂ ಬೆನ್ನಿಗೆ ನಿಂತರು. ಕೈ ಸ್ವಚ್ಛ ಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ 1994ರಲ್ಲಿ ಶೇ 48ರಷ್ಟು ಸಲ ಮಾಡಿಕೊಳ್ಳುತ್ತಿದ್ದರು. 1997ರಲ್ಲಿ ಅದು ಶೇ 66 ಆಯಿತು. ಆಸ್ಪತ್ರೆಯಲ್ಲೇ ಅಂಟುವ ಸೋಂಕು ಶೇ 16.9ರಿಂದ 9.9ಕ್ಕೆ ಇಳಿಯಿತು. ಸುಧಾರಿಸಿದವರು ನರ್ಸ್‌ಗಳು ಮತ್ತು ಅವರ ಸಹಾಯಕರು. ಡಾಕ್ಟರ್‌ಗಳು ಮಾತ್ರ ಹಳೇ ಚಾಳಿ ಬಿಡಲಿಲ್ಲ ಎಂದು ಆ ತಂಡದ ವರದಿಯೇ ಹೇಳುತ್ತದೆ! ಇನ್ನೊಂದು ವಿಷಯ: ಆ ತಂಡ ಎಷ್ಟು ಲೀಟರ್ ಹ್ಯಾಂಡ್ ರಬ್ ಖರ್ಚಾಯಿತು ಎಂದೂ ಅಳೆಯಿತು.

ನಮ್ಮ ವಿದ್ಯಾರ್ಥಿಗಳೂ ಹೀಗೆ ಅಳೆಯಬಹುದು. ಲೀಟರ್ ಲೆಕ್ಕ ಸ್ಟೋರಿನ ಇಂಡೆಂಟ್ ಪುಸ್ತಕದಲ್ಲೇ (ವಾರ್ಡಿಗೆ ತರಿಸಿಕೊಂಡ ಸಾಮಾನಿನ ದಾಖಲೆ) ಸಿಗುತ್ತದೆ. ಉಪವಾಸಕ್ಕಾದರೆ ಎರಡು ಸಮಯ ಬರೆದುಕೊಂಡರೆ ಸಾಕು: ಕೊನೆಯ ಗುಟುಕು ನೀರು ಕುಡಿದದ್ದು, ಓಟಿಗೆ ಹೋದದ್ದು. ಎರಡನೆಯದು ದಾಖಲೆಯಲ್ಲಿರುತ್ತದೆ. ಮೊದಲನೆಯದಕ್ಕೆ ರೋಗಿಯ ಜೊತೆಗಿರುವವರನ್ನು ಕೇಳಿ, ನಿಮಿಷದ ಸಮೇತ ಹೇಳುತ್ತಾರೆ.