ಹತ್ತನೇ ದಿನದ ಇಡ್ಲಿ

“ಡಾಕ್ಟ್ರೇ, ಒಂದೇ ಒಂದು ಇಡ್ಲಿ. ಅದೂ ಸಾಂಬಾರಲ್ಲಿ ಚೆನ್ನಾಗಿ ನೆನೆಸಿದ್ದು. ಏನೂ ಆಗಲಿಲ್ಲ.”

ತೂಕ ಇಳಿಸಲೆಂದು ಎಂಡೋಸ್ಕೋಪಿಯಲ್ಲಿ ಹೊಟ್ಟೆ ಹೊಲಿಸಿಕೊಂಡವರು ಎರಡನೇ ವಾರ ಫೋನ್ ಮಾಡಿ ಹೇಳುವ ಮಾತು ಹೆಚ್ಚುಕಡಿಮೆ ಇದೇ. ಇಡ್ಲಿಯ ಜಾಗದಲ್ಲಿ ಕೆಲವೊಮ್ಮೆ ಚಪಾತಿ ಚೂರು, ಒಮ್ಮೆ ಬೋಟಿ ಗೊಜ್ಜು. ಆದರೆ ನನಗೆ ಭಯವಾಗುವುದು ಆ “ಏನೂ ಆಗಲಿಲ್ಲ” ಕೇಳಿದಾಗ. ಹೊಟ್ಟೆನೋವು ಬಂದಿದ್ದರೆ ಮನುಷ್ಯ ಹುಷಾರಾಗುತ್ತಿದ್ದ. ಏನೂ ಆಗದಿದ್ದರೆ ಮಾರನೇ ದಿನ ಎರಡು ಇಡ್ಲಿ.

ಇದಕ್ಕೆ ಎಂಡೋಸ್ಕೋಪಿಕ್ ಸ್ಲೀವ್ ಗ್ಯಾಸ್ಟ್ರೋಪ್ಲಾಸ್ಟಿ ಎನ್ನುತ್ತೇವೆ, ಚುಟುಕಾಗಿ ಇಎಸ್‌ಜಿ. ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸುತ್ತೇವೆ. ಅದರ ತುದಿಯಲ್ಲಿ ಬಾಗಿದ ಸೂಜಿಯ ಒಂದು ಹೊಲಿಗೆ ಸಾಧನ ಇರುತ್ತದೆ, ಜೊತೆಗೆ ಸ್ಕ್ರೂ ಥರ ಸುರುಳಿಯಾಗಿರುವ ಸಣ್ಣ ತಂತಿ. ಆ ತಂತಿಯನ್ನು ಜಠರದ ಗೋಡೆಗೆ ತಿರುಗಿಸಿ ಎಳೆದು, ಎಳೆದ ಭಾಗಕ್ಕೆ ಸೂಜಿ ಚುಚ್ಚುವುದು. ಮುಂದಿನ ಗೋಡೆ, ದೊಡ್ಡ ಬಾಗು, ಹಿಂದಿನ ಗೋಡೆ ಎಂದು ಸಾಲಾಗಿ ಚುಚ್ಚಿ ದಾರ ಬಿಗಿಯುವುದು. ಕೆಳಗಿನಿಂದ ಮೇಲಕ್ಕೆ ಹೀಗೆ ಹಲವು ಸಾಲು ಹೊಲಿದರೆ ಜಠರ ಅಗಲವೂ ಕುಗ್ಗಿ, ಉದ್ದವೂ ಕುಗ್ಗಿ ಕೊಳವೆಯಂತಾಗುತ್ತದೆ. ಏನನ್ನೂ ಕತ್ತರಿಸಿ ತೆಗೆಯುವುದಿಲ್ಲ. ಹೊರಗೆ ಒಂದು ಗೀರೂ ಇರುವುದಿಲ್ಲ. ಬಹುತೇಕರು ಮಾರನೇ ದಿನ ಮನೆಗೆ ಹೋಗುತ್ತಾರೆ.

ತೊಂದರೆ ಶುರುವಾಗುವುದು ಈ ಗೀರಿಲ್ಲದ ಹೊಟ್ಟೆಯಿಂದಲೇ. ಅಪೆಂಡಿಕ್ಸ್ ತೆಗೆಸಿಕೊಂಡವರು ಬ್ಯಾಂಡೇಜ್ ನೋಡಿಕೊಂಡು ತಿಂಗಳುಗಟ್ಟಲೆ ಬಿಂದಿಗೆ ಎತ್ತುವುದಿಲ್ಲ. ಇವರು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ, ಹೊಟ್ಟೆ ನುಣ್ಣಗಿದೆ, ಮೊದಲ ಎರಡು ಮೂರು ದಿನದ ನೋವು, ವಾಕರಿಕೆ ನಿಂತಿದೆ. ವಾಸಿಯಾಯಿತು ಎಂದೇ ಲೆಕ್ಕ.

ವಾಸಿಯಾಗಿಲ್ಲ. ನಾನು ಮತ್ತೆ ಮತ್ತೆ ಹೇಳಿ ಗಂಟಲು ಒಣಗಿಸಿಕೊಳ್ಳುವುದು ಇದನ್ನೇ: ಕೊನೆಯವರೆಗೂ ಜಠರವನ್ನು ಹಿಡಿದಿಡುವುದು ದಾರವೊಂದೇ ಅಲ್ಲ. ಪಾಲಿಪ್ರೊಪಿಲೀನ್ ದಾರ ಕರಗುವುದೂ ಇಲ್ಲ, ಸುಲಭವಾಗಿ ಹರಿಯುವುದೂ ಇಲ್ಲ, ನಿಜ. ಆದರೆ ಗೋಡೆ ಮೆತ್ತಗಿದೆಯಲ್ಲ! ಜಠರ ಹಿಗ್ಗಿ ಎಳೆತ ಬಿದ್ದರೆ ದಾರ ಹಾಗೇ ಇದ್ದು ಮಾಂಸವನ್ನು ಕೊಯ್ದುಕೊಂಡು ಹೊರಬರಬಹುದು. ಬಾಳಿಕೆ ಬರುವುದು ಮಡಿಕೆಗಳು ಒಂದಕ್ಕೊಂದು ಬೆಸೆದುಕೊಂಡಾಗ. ಗೋಡೆ ಒಳಮುಖವಾಗಿ ಮಡಿಚಿದಾಗ ಅದರ ಹೊರಪೊರೆ ಹೊರಪೊರೆಗೇ ತಾಗಿ ಕೂರುತ್ತದೆ, ಅಲ್ಲಿ ನಿಧಾನವಾಗಿ ನಾರಿನಂಥ ಗಾಯದ ಕಲೆ ಬೆಳೆಯುತ್ತದೆ. ಹೊರಪೊರೆ ಹೀಗೆ ಅಂಟಿಕೊಳ್ಳುವುದು ಹೊಸ ಸಂಗತಿಯಲ್ಲ. ಫ್ರಾನ್ಸಿನ ಲೆಂಬರ್ಟ್ ಎಂಬ ಸರ್ಜನ್ 1826ರಲ್ಲೇ ಕರುಳಿನ ಹೊಲಿಗೆಗೆ ಇದನ್ನು ತೋರಿಸಿಕೊಟ್ಟ. ಒಳಗಿನ ಲೋಳೆಪೊರೆಗೆ ಆ ಗುಣವಿಲ್ಲ. ಮೊದಮೊದಲ ಎಂಡೋಸ್ಕೋಪಿ ಹೊಲಿಗೆ ಸಾಧನಗಳು ಮೇಲುಮೇಲಿನ ಪದರವನ್ನಷ್ಟೇ ಹಿಡಿಯುತ್ತಿದ್ದವು, ಆ ಹೊಲಿಗೆಗಳು ಬಾಳಲಿಲ್ಲ. ಈಗಿನ ಸೂಜಿ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವುದು ಅದಕ್ಕಾಗಿಯೇ. ಬೆಸೆಯಲು ವಾರಗಳು ಬೇಕು. ಆ ವಾರಗಳಲ್ಲಿ ಜಠರ ಹಿಗ್ಗಬಾರದು, ಜೋರಾಗಿ ಹಿಂಡಬಾರದು, ವಾಂತಿಯಂತೂ ಆಗಲೇಬಾರದು. ತಿಳಿಗಂಜಿ, ಮಜ್ಜಿಗೆ, ಸೋಸಿದ ಬೇಳೆಕಟ್ಟು ಎಂದು ಚೀಟಿಯಲ್ಲಿ ಬರೆಯುವುದು ತೂಕ ಇಳಿಸಲಿಕ್ಕಲ್ಲ, ಹೊಲಿಗೆ ಉಳಿಸಲಿಕ್ಕೆ.

ಮಂಡ್ಯ ಕಡೆಯ ಕಂಟ್ರಾಕ್ಟರ್ ಒಬ್ಬರು, ಬಹಳ ಒಳ್ಳೆಯ ಮನುಷ್ಯ, ಎರಡನೇ ವಾರ ಬೀಗರೂಟಕ್ಕೆ ಹೋಗಿ ಮುದ್ದೆ ಉಂಡು ಬಂದರು. ಕೇಳಿದರೆ, “ಮುದ್ದೆ ಅಗಿಯಲ್ಲ ಸಾರ್, ನುಂಗೋದು. ನೀರಿನ ಲೆಕ್ಕ ತಾನೆ?” ಕೋಪ ಬಂತೋ ನಗು ಬಂತೋ ಹೇಳಲಾರೆ.

“ಮೋಲ್ಡ್ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚೋಕೆ ಎಷ್ಟು ದಿನ ಬಿಡ್ತೀರಿ?”

“ಇಪ್ಪತ್ತೊಂದು ದಿನ ಸಾರ್. ಅದರೊಳಗೆ ಯಾವನಾದ್ರೂ ಒಂದು ಕಂಬ ಎಳೆದ್ರೆ ಕೆನ್ನೆಗೆ ಬಿಡ್ತೀನಿ.”

“ಈ ದಾರಗಳು ಸೆಂಟ್ರಿಂಗು. ಮೇಲಿನ ಮೋಲ್ಡ್ ಇನ್ನೂ ಹಸಿ.”

ಅವರ ಹೆಂಡತಿ ಪಕ್ಕದಲ್ಲೇ ಇದ್ದರು. “ಕೆನ್ನೆಗೆ ಬಿಡೋ ಕೆಲಸ ನನಗೆ ಬಿಡಿ ಸಾರ್” ಅಂದರು. ಆಮೇಲೆ ನನಗೆ ಫೋನ್ ಬರಲಿಲ್ಲ.

ಒಂದು ಇಡ್ಲಿಗೆ ಹೊಲಿಗೆ ಬಿಚ್ಚೇಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಹಲವರಿಗೆ ಏನೂ ಆಗುವುದಿಲ್ಲ. ಆದರೆ ಒಂದು ಹೊಲಿಗೆ ಸಡಿಲವಾದರೂ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ತಿಂಗಳುಗಳು ಕಳೆದು, ಮೊದಲಿನಷ್ಟೇ ಊಟ ಹಿಡಿಸತೊಡಗಿ, ತೂಕದ ಮುಳ್ಳು ನಿಂತಲ್ಲೇ ನಿಂತಾಗ ಅನುಮಾನ ಬರುತ್ತದೆ. ಆಹಾರದ ಕ್ರಮವೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಎರಡು ವಾರ ಬರೀ ದ್ರವ, ಆಮೇಲೆ ಎರಡು ವಾರ ರುಬ್ಬಿದಂಥದ್ದು, ಆನಂತರ ಮೆತ್ತನೆಯ ಊಟ ಎನ್ನುವವರಿದ್ದಾರೆ. ನಾಲ್ಕೂ ವಾರ ದ್ರವವೇ ಎನ್ನುವವರೂ ಇದ್ದಾರೆ. ನಿಮ್ಮ ಹೊಟ್ಟೆ ಹೊಲಿದವರು ಕೊಟ್ಟ ಚೀಟಿಯೇ ನಿಮ್ಮದು, ಪಕ್ಕದ ಮನೆಯವರ ಚೀಟಿ ಅಲ್ಲ, ಈ ಅಂಕಣವೂ ಅಲ್ಲ.

ಫಲಿತಾಂಶದ ಬಗ್ಗೆ ಎರಡೇ ಮಾತು. 2022ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೆರಿಟ್ ಅಧ್ಯಯನ ಅಮೆರಿಕದ 9 ಕೇಂದ್ರಗಳಲ್ಲಿ ನಡೆದದ್ದು. ಒಂದು ವರ್ಷದಲ್ಲಿ ಇಎಸ್‌ಜಿ ಆದವರ ತೂಕ ಸರಾಸರಿ ಶೇ. 13.6ರಷ್ಟು ಇಳಿದಿತ್ತು, ಬರೀ ಜೀವನಕ್ರಮ ಬದಲಿಸಿಕೊಂಡವರದ್ದು ಶೇ. 0.8. ಗಂಭೀರ ತೊಂದರೆ ಶೇ. 2ರಷ್ಟು ಜನಕ್ಕೆ. ಹೊಲಿಸಿಕೊಂಡವರೂ ಆಹಾರ, ವ್ಯಾಯಾಮದ ಸಲಹೆ ಪಾಲಿಸುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಓದುವುದಿಲ್ಲ. ಜಠರ ಕತ್ತರಿಸುವ ಸ್ಲೀವ್ ಸರ್ಜರಿಯಲ್ಲಿ ತೂಕ ಇನ್ನೂ ಹೆಚ್ಚು ಇಳಿಯುತ್ತದೆ. ಯಾರಿಗೆ ಯಾವುದು ಎನ್ನುವುದು ಎದುರು ಕೂತು ಮಾತಾಡಿ ತೀರ್ಮಾನಿಸುವ ವಿಷಯ.

ಜ್ವರ, ಕಡಿಮೆಯಾಗದ ಹೊಟ್ಟೆನೋವು, ಎಡಭುಜಕ್ಕೆ ಹರಡುವ ನೋವು, ಎದೆ ಡವಡವ, ಉಸಿರಾಟದ ಕಷ್ಟ, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ: ಇವುಗಳಲ್ಲಿ ಯಾವುದಿದ್ದರೂ ವಾಟ್ಸ್‌ಆ್ಯಪ್ ಮಾಡಿ ಉತ್ತರಕ್ಕೆ ಕಾಯಬೇಡಿ, ನೇರ ಆಸ್ಪತ್ರೆಗೆ ಬನ್ನಿ.

ಇನ್ನು ಹೊಲಿಸಿಕೊಳ್ಳುವ ದಿನಾಂಕ. ನನ್ನನ್ನು ಕೇಳಿದರೆ ಇದಕ್ಕೆ ಆಷಾಢದಂಥ ತಿಂಗಳಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಎಲೆ ಮುಂದೆ ಕೂರಿಸಿ “ಸ್ವಲ್ಪವೇ” ಎಂದು ಬಡಿಸುವ ಅತ್ತೆಯರಿಲ್ಲ. ಆದರೆ ಆಷಾಢದಲ್ಲಿ ಬೇಡ ಡಾಕ್ಟ್ರೇ, ಶ್ರಾವಣದಲ್ಲಿ ಒಳ್ಳೇ ದಿನ ನೋಡಿ ಬರುತ್ತೇವೆ ಅನ್ನುತ್ತಾರೆ. ಶ್ರಾವಣಕ್ಕೆ ವರಮಹಾಲಕ್ಷ್ಮಿ, ಅದರ ಹಿಂದೆಯೇ ಗೌರಿ-ಗಣೇಶ. ಮನೆಯವರೆಲ್ಲ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುವಾಗ ಪಕ್ಕದಲ್ಲಿ ಬೇಳೆಕಟ್ಟು ಕುಡಿದುಕೊಂಡು ಕೂರುವುದು ನಿಮ್ಮಿಂದ ಆಗುತ್ತದೆಯೇ?