ಅನ್ನನಾಳದ ಕ್ಯಾನ್ಸರ್: ಕಿರಣ ಎಬ್ಬಿಸುವ ಕಾವಲು, ಕಿರಣವೇ ಕಳೆಯುವ ಕಾವಲು

ಅನ್ನನಾಳದ ಕ್ಯಾನ್ಸರ್ ಬಹುಪಾಲು ರೋಗಿಗಳ ಅರಿವಿಗೆ ಬರುವುದು ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿದಾಗ. ಅಷ್ಟರಲ್ಲಿ ಗಡ್ಡೆ ನಾಳದ ಗೋಡೆಯ ಆಳಕ್ಕೆ ಇಳಿದಿರುವುದರಿಂದ ಶಸ್ತ್ರಚಿಕಿತ್ಸೆಯೊಂದೇ ಸಾಲದಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ವೈದ್ಯರು 366 ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ 'ಕ್ರಾಸ್' ಪ್ರಯೋಗದಲ್ಲಿ, ಐದು ವಾರ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧಿಗಳನ್ನು ಕೊಡುತ್ತ, ಜೊತೆಯಲ್ಲೇ 23 ಕಂತುಗಳಲ್ಲಿ 41.4 ಗ್ರೇ (ವಿಕಿರಣದ ಪ್ರಮಾಣದ ಅಳತೆ) ವಿಕಿರಣ ಹಾಯಿಸಿ, ಬಳಿಕ ಶಸ್ತ್ರಚಿಕಿತ್ಸೆ ಮಾಡಿದಾಗ, ರೋಗಿಗಳು ಬದುಕಿದ ಮಧ್ಯಾಂಕ ಅವಧಿ, ಶಸ್ತ್ರಚಿಕಿತ್ಸೆಯೊಂದೇ ಆದವರ 24 ತಿಂಗಳಿನಿಂದ 49 ತಿಂಗಳಿಗೆ ಏರಿತು. ಹೀಗೆ ಚಿಕಿತ್ಸೆ ಪಡೆದವರಿಂದ ಕತ್ತರಿಸಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಶೇ 29ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕೋಶವೇ ಕಾಣಲಿಲ್ಲ; ನಾಳದ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಬಗೆಯಲ್ಲಂತೂ ಈ ಪ್ರಮಾಣ ಶೇ 49. ತಂಬಾಕು, ಮದ್ಯ, ಅಡಿಕೆಗಳ ನಂಟಿರುವ ಈ ಸ್ಕ್ವಾಮಸ್ ಬಗೆಯೇ ಭಾರತದಲ್ಲಿ ಹೆಚ್ಚು.

ಇಷ್ಟೂ ಕೋಶಗಳನ್ನು ಕಿರಣ ಮತ್ತು ಔಷಧಿಗಳೇ ನೇರವಾಗಿ ಕೊಂದವೆಂದು ಬಹುಕಾಲ ಭಾವಿಸಲಾಗಿತ್ತು. ಈಗ ಗೊತ್ತಾಗಿರುವಂತೆ ಆ ಕೆಲಸದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಕೈಯೂ ಇದೆ. ವಿಕಿರಣ ತಾಗಿ ಡಿಎನ್‌ಎ ತುಂಡಾದ ಕೋಶ ಮತ್ತೆ ವಿಭಜನೆಗೆ ಹೊರಟಾಗ ಆ ತುಂಡುಗಳಲ್ಲಿ ಕೆಲವು ಕೋಶಕೇಂದ್ರದಿಂದ ಹೊರಗೆ ಉಳಿಯುತ್ತವೆ. ಡಿಎನ್‌ಎ ಇರಬಾರದ ಜಾಗದಲ್ಲಿ ಕಂಡರೆ ವೈರಸ್ ನುಗ್ಗಿದೆಯೆಂದೇ ಕೋಶ ತಿಳಿಯುತ್ತದೆ. ಸಿ-ಗ್ಯಾಸ್ ಎಂಬ ಪ್ರೋಟೀನು ಅದನ್ನು ಹಿಡಿದು ಸ್ಟಿಂಗ್ ಎಂಬ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ, ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಇಂಟರ್‌ಫೆರಾನ್ ಹೊರಬೀಳುತ್ತದೆ. ಸಾಯುತ್ತಿರುವ ಕೋಶವೂ ಸದ್ದಿಲ್ಲದೆ ಹೋಗುವುದಿಲ್ಲ: ಒಳಗಿರಬೇಕಾದ ಕ್ಯಾಲ್ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ಮೈಮೇಲೆ ತಂದುಕೊಳ್ಳುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಹೊರಚೆಲ್ಲುತ್ತದೆ. ಈ ಕರೆಗೆ ಬಂದ, ರೋಗನಿರೋಧಕ ವ್ಯವಸ್ಥೆಯ ಡೆಂಡ್ರೈಟಿಕ್ ಕೋಶಗಳು ಗಡ್ಡೆಯ ಚೂರುಗಳನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಅಲ್ಲಿನ ಟಿ ಕೋಶಗಳಿಗೆ ಗುರುತು ತೋರಿಸುತ್ತವೆ. ಯಾರನ್ನು ಹುಡುಕಬೇಕೆಂಬುದು ಟಿ ಕೋಶಗಳಿಗೆ ತಿಳಿಯುವುದು ಆಗಲೇ.

ಆದರೆ ಎಬ್ಬಿಸಿದ ಕೈಯೇ ಹೊಡೆಯುವುದೂ ಉಂಟು. ಲಿಂಫೊಸೈಟ್‌ಗಳು, ಅಂದರೆ ಟಿ ಕೋಶಗಳೂ ಸೇರಿರುವ ಬಿಳಿ ರಕ್ತಕಣಗಳ ಗುಂಪು, ದೇಹದಲ್ಲಿ ವಿಕಿರಣಕ್ಕೆ ಅತಿ ಬೇಗ ಸೋಲುವ ಕೋಶಗಳಲ್ಲಿ ಸೇರಿವೆ. ಗಡ್ಡೆ ಸಾಯಲು ಬೇಕಾದ ಪ್ರಮಾಣದ ಸಣ್ಣ ಪಾಲೇ ಅವುಗಳಿಗೆ ಸಾಕು. ಅನ್ನನಾಳ ಇರುವ ಜಾಗವೂ ಇದಕ್ಕೆ ಪ್ರತಿಕೂಲ. ಮುಂದೆ ಹೃದಯ, ಪಕ್ಕದಲ್ಲಿ ಮಹಾಪಧಮನಿ, ಹಿಂದೆ ಮಜ್ಜೆ ತುಂಬಿದ ಬೆನ್ನುಮೂಳೆ. ವಾರಕ್ಕೆ ಐದು ದಿನ ಕಿರಣ ಹಾಯುವಾಗ ಇವುಗಳ ಮೂಲಕ ಹರಿಯುವ ರಕ್ತವೆಲ್ಲ ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಒಡ್ಡಿಕೊಳ್ಳುತ್ತದೆ. ಕೀಮೋಥೆರಪಿ ಮಜ್ಜೆಯನ್ನು ಕುಗ್ಗಿಸಿ ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಚಿಕಿತ್ಸೆಯ ವಾರಗಳಲ್ಲಿ ಲಿಂಫೊಸೈಟ್ ಸಂಖ್ಯೆ ತೀವ್ರವಾಗಿ ಕುಸಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಗಡ್ಡೆಯೂ ಸುಮ್ಮನಿರುವುದಿಲ್ಲ. ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್-ಗ್ಯಾಮಾ ತಾಗಿದಾಗ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ಹೊದ್ದು ಆ ಟಿ ಕೋಶಗಳನ್ನೇ ತಡೆಯುತ್ತವೆ. ಈ ತಡೆಯನ್ನು ತೆಗೆಯುವ ದಾರಿಗೆ ಅಡಿಪಾಯ ಹಾಕಿದ ತಸುಕು ಹೊಂಜೊ ಮತ್ತು ಜೇಮ್ಸ್ ಆಲಿಸನ್ 2018ರಲ್ಲಿ ನೊಬೆಲ್ ಪಡೆದರು. ಕಿರಣ, ಕೀಮೋ, ಶಸ್ತ್ರಚಿಕಿತ್ಸೆ ಮೂರೂ ಮುಗಿದು, ತೆಗೆದ ಭಾಗದಲ್ಲಿ ಇನ್ನೂ ಕ್ಯಾನ್ಸರ್ ಕಂಡಿದ್ದ 794 ಮಂದಿಯ ಮೇಲೆ ನಡೆದ 'ಚೆಕ್‌ಮೇಟ್ 577' ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಪಿಡಿ-ಎಲ್1 ಬಂದು ಅಂಟಿಕೊಳ್ಳುವ, ಟಿ ಕೋಶಗಳ ಮೇಲಿನ ಪಿಡಿ-1 ಎಂಬ ಪ್ರೋಟೀನನ್ನು ತಡೆಯುವ ನಿವೊಲುಮ್ಯಾಬ್ ಔಷಧಿ ಪಡೆದವರು ರೋಗ ಮರುಕಳಿಸದೆ ಉಳಿದ ಮಧ್ಯಾಂಕ ಅವಧಿ 22.4 ತಿಂಗಳು, ಪಡೆಯದವರಲ್ಲಿ 11 ತಿಂಗಳು. ಕಿರಣ ಮತ್ತು ಕೀಮೋ ಎಬ್ಬಿಸಿದ ಟಿ ಕೋಶಗಳು ಆ ಹೊತ್ತಿಗೂ ಉಳಿದಿರಬೇಕು ಎಂಬುದಕ್ಕೆ ಇದು ಒಳ್ಳೆಯ ಸುಳಿವೆಂದು ನನಗನಿಸುತ್ತದೆ.

ಹಾಗಿದ್ದರೆ ಕಿರಣ ಹಾಯಿಸುವಾಗಲೇ ಆ ಕೋಶಗಳನ್ನು ಕಾಪಾಡಬೇಕು. ಗಡ್ಡೆ ದಾಟಿ ಮುಂದೆ ಹೋಗದ ಪ್ರೋಟಾನ್ ಕಿರಣಗಳಲ್ಲಿ ಹೃದಯಕ್ಕೂ ರಕ್ತಕ್ಕೂ ತಾಗುವ ಪ್ರಮಾಣ ಕಡಿಮೆ, ಲಿಂಫೊಸೈಟ್‌ಗಳ ಕುಸಿತವೂ ಕಡಿಮೆ. ಆದರೆ ಅದು ದುಬಾರಿ, ಎಲ್ಲೆಡೆ ಸಿಗುವುದೂ ಇಲ್ಲ. ಸಾಮಾನ್ಯ ಯಂತ್ರದಲ್ಲೂ ಕಿರಣದ ಹರವನ್ನು ಬಿಗಿಯಾಗಿ ಕತ್ತರಿಸಿ, ಶ್ವಾಸಕೋಶ ಮತ್ತು ಬೆನ್ನುಹುರಿಗೆ ಮಿತಿ ಹಾಕುವಂತೆಯೇ ರಕ್ತಕ್ಕೂ ಮಜ್ಜೆಗೂ ಮಿತಿ ಹಾಕಬಹುದು. ಇದು ಆಗಲೇಬೇಕಾದ ಬದಲಾವಣೆಯೆಂದು ನಾನು ನಂಬುತ್ತೇನೆ. ಬೇಕಾದ ಅಳತೆ ಆಗಲೇ ಕೈಯಲ್ಲಿದೆ: ವಾರವಾರ ಮಾಡಿಸುವ ರಕ್ತಪರೀಕ್ಷೆಯ ಚೀಟಿಯಲ್ಲಿ, ನ್ಯೂಟ್ರೊಫಿಲ್‌ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಜೊತೆಯಲ್ಲೇ, ಲಿಂಫೊಸೈಟ್‌ಗಳ ಸಂಖ್ಯೆಯೂ ಅಚ್ಚಾಗಿರುತ್ತದೆ.